ಕೊನೆಯ ಪುಟದ ಅಭಿಪ್ರಾಯ

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಚೆನ್ನೈನ ಹೆಣ್ಣುಮಕ್ಕಳಿಗೆಲ್ಲ ಒಂದೇ ಪುಸ್ತಕದ ಹುಚ್ಚು ಹಿಡಿದಿತ್ತು. ಕಪ್ಪು ರಟ್ಟಿನ ದಪ್ಪ ಇಂಗ್ಲಿಷ್ ಕಾದಂಬರಿ. ನೂರು ವರ್ಷದ ಹಿಂದೆ ಸತ್ತ ಹುಡುಗನೊಬ್ಬ ಹೈಸ್ಕೂಲಿನ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಾನೆ, ಹದಿನಾರರ ಹುಡುಗಿಯೊಬ್ಬಳಿಗೆ ಮಾತ್ರ ಕಾಣಿಸುತ್ತಾನೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಒಂಬತ್ತನೇ ತರಗತಿ ಮುಗಿಸಿದ್ದ ನನ್ನ ಮಗಳು ಅದನ್ನು ಮೂರು ಸಲ ಓದಿ, ಬೇಸಿಗೆ ರಜಕ್ಕೆ ಮೈಸೂರಿನ ಅವಳ ಸೋದರತ್ತೆಯ ಮನೆಗೆ ಹೋದಳು. ಪುಸ್ತಕ ಮೇಜಿನ ಮೇಲಿತ್ತು.

ಆ ವರ್ಷ ಅವಳು ನನ್ನೊಡನೆ ಮಾತಾಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದಳು. ನಾನು ಕನ್ನಡದಲ್ಲಿ ನಾಲ್ಕು ಮಾತು ಕೇಳಿದರೆ ತಮಿಳಿನಲ್ಲಿ ‘ಸರಿಮಾ’, ಇಲ್ಲವೇ ಇಂಗ್ಲಿಷಿನಲ್ಲಿ ‘ಫೈನ್’. ಇವಳ ತಲೆ ಕೆಡಿಸಿದ ದೆವ್ವ ಎಂಥದೆಂದು ನೋಡಿಯೇ ಬಿಡೋಣ ಎಂದು ಪುಸ್ತಕ ಕೈಗೆತ್ತಿಕೊಂಡೆ. ವಿಮಾ ಕಚೇರಿಯ ಸೂಪರಿಂಟೆಂಡೆಂಟ್ ಅಂಥದ್ದನ್ನು ಲೋಕಲ್ ರೈಲಿನಲ್ಲಿ ಹಿಡಿದು ಕೂರುವುದು ಹೇಗೆ? ಅದಕ್ಕೆ ಕಂದು ಕಾಗದದ ರಟ್ಟು ಹಾಕಿದೆ.

ಮೂರನೆಯ ದಿನ ಗಿಂಡಿಯಲ್ಲಿ ಇಳಿಯಬೇಕಾದವಳು ಮುಂದಿನ ನಿಲ್ದಾಣದಲ್ಲಿ ಕಣ್ಣೊರೆಸಿಕೊಳ್ಳುತ್ತ ಇಳಿದೆ. ಆ ಹುಡುಗ ತನ್ನ ಸಮಾಧಿಯ ಮೇಲಿನ ಹುಲ್ಲನ್ನು ತಾನೇ ಕಿತ್ತು ಚೊಕ್ಕಟ ಮಾಡುವ ಅಧ್ಯಾಯ ಅದು. ಭಾಷೆ ಸಪ್ಪೆ, ಕಥೆ ಬಾಲಿಶ, ಎಲ್ಲ ನಿಜ. ಆದರೂ ಅಳು ಬಂತು. ಸಂಜೆ ಮೈಸೂರಿಗೆ ಫೋನ್ ಮಾಡಿ ಮಗಳಿಗೆ ಹೇಳಿಬಿಟ್ಟೆ. ‘ಅಮ್ಮಾ! ನೀನು ಅಳ್ತೀಯಾ? ನಿಜವಾಗ್ಲೂ?’ ಎಂದು ಶುರುಮಾಡಿದವಳು ಅರ್ಧ ಗಂಟೆ ಮಾತಾಡಿದಳು, ಅದೂ ಕನ್ನಡದಲ್ಲಿ. ಫೋನ್ ಇಟ್ಟ ಮೇಲೆ ನನಗೆ ಆದ ಸಂತೋಷಕ್ಕೆ ಆ ದೆವ್ವಕ್ಕೊಂದು ನಮಸ್ಕಾರ ಹಾಕಬೇಕೆನಿಸಿತು.

ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ನನ್ನ ಅತ್ತೆಯವರಿಗೂ ಕಥೆ ಹೇಳಬೇಕಾಯಿತು. ಅವರು ಗಮನವಿಟ್ಟು ಕೇಳಿ, ‘ಆ ಹುಡುಗನಿಗೆ ಶ್ರಾದ್ಧ ಮಾಡಿಲ್ಲ ಕಣೇ, ಅದಕ್ಕೇ ಅಲೀತಿದಾನೆ. ಗಯೆಗೆ ಹೋಗಿ ಒಂದು ಪಿಂಡ ಇಟ್ಟಿದ್ರೆ ಆಗೋದು. ಇದಕ್ಕೆ ನಾನೂರು ಪುಟ ಯಾಕೆ?’ ಎಂದರು.

ಅನಾಹುತವಾದದ್ದು ಆಮೇಲೆ. ನಮ್ಮ ಕನ್ನಡ ಮಹಿಳಾ ಕೂಟದಲ್ಲಿ ಪುಸ್ತಕಗಳು ಮನೆಯಿಂದ ಮನೆಗೆ ತಿರುಗುತ್ತಿದ್ದವು. ಚೆನ್ನೈನಲ್ಲಿ ಕನ್ನಡ ಕಾದಂಬರಿ ಸಿಗುವುದೇ ಅಪರೂಪ, ಹಾಗಾಗಿ ಒಂದೇ ಪ್ರತಿಯನ್ನು ಎಲ್ಲರೂ ಓದಬೇಕು. ಓದಿದವರು ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲಿನಿಂದ ಎರಡು ಸಾಲು ಅಭಿಪ್ರಾಯ ಬರೆದೇ ಮುಂದಿನವರಿಗೆ ದಾಟಿಸಬೇಕು. ಕೂಟದ ಪುಸ್ತಕಗಳಿಗೆಲ್ಲ ಕಂದು ಕಾಗದದ ರಟ್ಟು. ನಾನು ಆಫೀಸಿನಲ್ಲಿದ್ದಾಗ ಸದಸ್ಯೆಯೊಬ್ಬರು ಆ ತಿಂಗಳ ಪುಸ್ತಕ ಕೇಳಿಕೊಂಡು ಬಂದರು. ಅತ್ತೆಯವರು ಟೀಪಾಯಿಯ ಮೇಲೆ ಕಂಡ ಕಂದು ರಟ್ಟನ್ನು ಎತ್ತಿ ಕೊಟ್ಟು, ಕುಂಕುಮವನ್ನೂ ಕೊಟ್ಟು ಕಳಿಸಿದರು.

ಅಂದೇ ಫೋನ್ ಮಾಡಿ ‘ಅದು ನನ್ನ ಮಗಳದು’ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕೂಟದಲ್ಲಿ ನಾನು ಕಟು ವಿಮರ್ಶಕಿ ಎಂದು ಹೆಸರಾದವಳು. ಹದಿಹರೆಯದವರ ದೆವ್ವದ ಪ್ರೇಮಕಥೆಗೆ ರಟ್ಟು ಹಾಕಿಕೊಂಡು ಓದುತ್ತಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ? ಸುಮ್ಮನಿದ್ದೆ. ಪುಸ್ತಕ ನಾಲ್ಕು ಮನೆ ಸುತ್ತಿತು.

ತಿಂಗಳ ಕೊನೆಯ ಶನಿವಾರ ಕೂಟ ನಮ್ಮ ಮನೆಯಲ್ಲೇ ಸೇರಿತು. ‘ಇದನ್ನು ಯಾರು ಸೇರಿಸಿದ್ದು?’ ಎಂದು ಅಧ್ಯಕ್ಷೆ ಕೇಳಿದರು. ‘ನಾನೇ. ಈಗಿನ ಮಕ್ಕಳು ಏನು ಓದುತ್ತಾರೆ ಎಂದು ನಮಗೂ ತಿಳಿದಿರಲಿ ಅಂತ’ ಎಂದೆ, ಮುಖ ಗಂಭೀರ ಮಾಡಿಕೊಂಡು. ‘ಹಾಗಾದರೆ ನಿಮ್ಮ ಅಭಿಪ್ರಾಯವೇ ಇಲ್ಲವಲ್ಲ’ ಎಂದು ಪೆನ್ಸಿಲ್ ಕೊಟ್ಟರು. ಎಂಟು ಜೊತೆ ಕಣ್ಣು ನನ್ನ ಮೇಲೆ. ಬರೆದೆ: ‘ಶುದ್ಧ ಕಾಲಹರಣ. ಇಂಥದ್ದನ್ನು ಓದಿ ಕಣ್ಣೀರು ಹಾಕುವವರ ಬುದ್ಧಿಗೆ ಏನು ಹೇಳುವುದು?’ ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ಬಿಸಿಬಿಸಿ ಬೋಂಡಾ ಬಂತು, ವಿಷಯ ಮುಗಿಯಿತು. ಮಗಳಿಗೆ ಕನ್ನಡ ಓದಲು ಬಾರದು ಎಂಬ ಧೈರ್ಯ ನನಗೆ.

ಮರುದಿನ ಅವಳು ಬಂದಳು. ಬಂದವಳೇ ಪುಸ್ತಕ ತೆರೆದು, ಕೊನೆಯ ಪುಟದ ಪೆನ್ಸಿಲ್ ಗೀಚುಗಳನ್ನು ನೋಡಿ ಕಿರುಚಿದಳು. ನಾನು ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಓದಲು ಬಾರದಿದ್ದರೇನು, ಓದಿ ಹೇಳುವ ಅಜ್ಜಿ ಇದ್ದಾರಲ್ಲ! ಅತ್ತೆಯವರು ಕನ್ನಡಕ ಏರಿಸಿ, ಪುರಾಣ ಓದುವ ಗಟ್ಟಿ ದನಿಯಲ್ಲಿ ಶುರುಮಾಡಿದರು.

ಸೌಕಾರ್‌ಪೇಟೆಯ ಸದಸ್ಯೆಯದು: ‘ನೂರು ವರ್ಷದ ಮುದುಕ ಹದಿನಾರರ ಹುಡುಗಿಯ ಹಿಂದೆ ಬಿದ್ದಿದ್ದಾನೆ. ಆ ಊರಿನಲ್ಲಿ ಪೊಲೀಸರೇ ಇಲ್ಲವೆ?’ ಮಾಧವರಂನ ಟೀಚರಮ್ಮನದು: ‘ನನ್ನ ಗಂಡನಿಗಿಂತ ಈ ದೆವ್ವ ವಾಸಿ. ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳುತ್ತದೆ.’ ನಿವೃತ್ತ ಬ್ಯಾಂಕ್ ಅಧಿಕಾರಿಣಿಯದು: ‘ಅರ್ಧ ಓದಿದೆ. ಮನೆಯಲ್ಲಿ ಒಬ್ಬಳೇ ಇರುವುದರಿಂದ ಮಿಕ್ಕರ್ಧ ಓದಲಿಲ್ಲ.’ ರೈಲ್ವೆಯವರ ಹೆಂಡತಿಯದು: ‘ಇಡೀ ಪುಸ್ತಕದಲ್ಲಿ ಯಾರೂ ಒಂದು ಹೊತ್ತು ಸರಿಯಾಗಿ ಊಟ ಮಾಡುವುದಿಲ್ಲ.’ ಒಂದೊಂದಕ್ಕೂ ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಅವಳ ಪುಸ್ತಕದಲ್ಲಿ ಹೆಂಗಸರು ಗೀಚಿದ್ದಾರೆಂಬ ಸಿಟ್ಟು ಅರ್ಧ ಇಳಿದೇ ಹೋಗಿತ್ತು.

‘ಇದು ನಿಮ್ಮಮ್ಮಂದು’ ಎಂದು ಅತ್ತೆಯವರು ನನ್ನದನ್ನೂ ಓದಿದರು. ನಗು ನಿಂತಿತು. ನನ್ನ ಒಗ್ಗರಣೆಯ ಸಾಸಿವೆ ಸೀದುಹೋಯಿತು.

ಅವಳು ಜಗಳವಾಡಲಿಲ್ಲ. ಆಡಿದ್ದರೆ ವಾಸಿಯಿತ್ತು. ಊಟಕ್ಕೆ ಕರೆದರೆ ‘ಸರಿಮಾ’ ಎಂದಳು. ಬೆಳಿಗ್ಗೆ ಎದ್ದು ನೋಡಿದೆ: ಪುಸ್ತಕ ನನ್ನ ಆಫೀಸಿನ ಚೀಲದ ಮೇಲಿತ್ತು. ಕೊನೆಯ ಪುಟದಲ್ಲಿ ನಾಲ್ವರ ಅಭಿಪ್ರಾಯವೂ ಹಾಗೇ ಇತ್ತು. ನನ್ನದನ್ನು ಮಾತ್ರ ಕಾಗದ ತೆಳ್ಳಗಾಗುವಷ್ಟು ರಬ್ಬರಿನಿಂದ ಉಜ್ಜಿ ಅಳಿಸಿದ್ದಳು. ನನಗೆ ತುಂಬ ನಾಚಿಕೆಯಾಯಿತು.

‘ತಪ್ಪಾಯ್ತು ಕಣೇ’ ಎಂದೆ. ‘ಅವರು ಪುಸ್ತಕ ಓದಿ ಅನ್ನಿಸಿದ್ದು ಬರೆದ್ರು. ನೀನು ಬರೆದದ್ದು ಪೊಯ್ ಅಮ್ಮಾ, ಸುಳ್ಳು’ ಎಂದಳು. ಇನ್ನೊಮ್ಮೆ ಬರೆಯುತ್ತೇನೆಂದು ನಾನು ಪೆನ್ಸಿಲ್ ಹುಡುಕಿದರೆ, ‘ವೇಂಡಾಂ, ಪೆನ್ಸಿಲ್ ಬೇಡ’ ಎಂದು ತನ್ನ ಪೆನ್ನು ಚಾಚಿದಳು. ಮುಂದಿನ ತಿಂಗಳ ಕೂಟಕ್ಕೂ ಅದನ್ನು ತಗೊಂಡು ಹೋಗಬೇಕಂತೆ.

ನಿಂತಲ್ಲೇ ಬರೆದೆ: ‘ಕಥೆಯಲ್ಲಿ ತಪ್ಪುಗಳು ಬೇಕಾದಷ್ಟಿವೆ. ಆದರೂ ನನಗೆ ಅಳು ಬಂತು. ಹಿಂದೆ ಬರೆದದ್ದು ನಿಮ್ಮೆಲ್ಲರ ಮುಂದೆ ದೊಡ್ಡವಳಾಗಲು ಬರೆದ ಸುಳ್ಳು.’ ಕೆಳಗೆ ಪೂರ್ತಿ ಹೆಸರು ಹಾಕಿದೆ.

ಮಗಳು ಅದನ್ನು ಅಜ್ಜಿಯ ಹತ್ತಿರ ಒಯ್ದು ಓದಿಸಿದಳು. ಅತ್ತೆಯವರು ಗಟ್ಟಿಯಾಗಿ ಒಂದು ಸಲ ಓದಿದರು, ಮನಸ್ಸಿನಲ್ಲೇ ಇನ್ನೊಂದು ಸಲ ಓದಿಕೊಂಡರು.

‘ಪುಸ್ತಕ ಜೋಪಾನವಾಗಿ ಇಟ್ಟುಕೋ ಮಗಳೇ’ ಎಂದರು. ‘ಈ ಮನೆಗೆ ಬಂದು ಹದಿನೆಂಟು ವರ್ಷಕ್ಕೆ ನಿಮ್ಮಮ್ಮ ತಪ್ಪು ಒಪ್ಪಿಕೊಂಡಿರೋದು ಇದೇ ಮೊದಲು. ಅದೂ ಪೆನ್ನಲ್ಲಿ.’

ಬೇರೆ ದಿನವಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಆದರೆ ಮಗಳು ನನ್ನ ಕಡೆ ನೋಡಿಕೊಂಡು ನಗುತ್ತಿದ್ದಳು.