ಸುಮ್ಮನೆ ಬಣ್ಣ ನೋಡುವವನು

ಅಂಗಡಿಯಲ್ಲಿ ಹೊಸ ಬ್ರಷ್ಷಿನ ತುದಿಯನ್ನು ಅಂಗೈ ಮೇಲೆ ಎಳೆದು ನೋಡುವುದಿದೆಯಲ್ಲ, ಆ ಸುಖ ಚಿತ್ರ ಬರೆಯುವುದರಲ್ಲೂ ಇಲ್ಲ. ಇದನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ, ಏಕೆಂದರೆ ಮೊದಲನೆಯದನ್ನು ವರ್ಷಗಟ್ಟಲೆ ಮಾಡಿದ್ದೇನೆ. ಎರಡನೆಯದನ್ನು ಮಾಡಿದ್ದು ಬಹಳ ಕಡಿಮೆ.

ರಾಯದುರ್ಗದ ಕರೆಂಟ್ ಆಫೀಸಿನಲ್ಲಿ ನನಗೆ ಕೆಲಸ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಶಾಂತಮ್ಮನವರ ಸ್ಟೇಷನರಿ ಅಂಗಡಿ. ಮುಂದೆ ಪೆನ್ನು, ನೋಟ್‌ಬುಕ್ಕು. ಹಿಂದಿನ ಗೂಡಿನಲ್ಲಿ ಬಣ್ಣದ ಟ್ಯೂಬು, ಬ್ರಷ್ಷು, ದಪ್ಪ ಕಾಗದ. ನಾನು ನೇರ ಹಿಂದಿನ ಗೂಡಿಗೇ ಹೋಗುತ್ತೇನೆ. ಕಾಗದವನ್ನು ಬೆಳಕಿಗೆ ಹಿಡಿಯುತ್ತೇನೆ, ಟ್ಯೂಬಿನ ಮೇಲಿನ ಹೆಸರುಗಳನ್ನು ಓದುತ್ತೇನೆ. ಬರ್ನ್ಟ್ ಸಿಯೆನ್ನಾ ಎಂಬ ದೊಡ್ಡ ಹೆಸರಿನ ಬಣ್ಣವನ್ನು ಮೊದಲ ಸಲ ಉಗುರಿಗೆ ಹಚ್ಚಿ ನೋಡಿದಾಗ ನಗು ಬಂತು. ಒಂದು ಹದ ಮಳೆ ಬಿದ್ದ ಮೇಲೆ ನಮ್ಮ ಶೇಂಗಾ ಹೊಲದ ಕೆಂಪು ಮಣ್ಣು ಇರುವುದೇ ಹಾಗೆ. ಯಾವುದೋ ದೇಶದವರು ನಮ್ಮ ಹೊಲದ ಮಣ್ಣಿಗೆ ಹೆಸರಿಟ್ಟು ಮಾರುತ್ತಿದ್ದಾರೆಂದು ಊರ ಪರವಾಗಿ ಹೆಮ್ಮೆಪಟ್ಟೆ.

"ಯಾರಿಗ್ರಿ ಸಾರ್?" ಎಂದು ಶಾಂತಮ್ಮ ಕೇಳಿದರೆ, "ಮಗಳಿಗ್ರಿ" ಎನ್ನುವುದು ರೂಢಿ. ಐವತ್ತು ದಾಟಿದ ಗಂಡಸು ಬಣ್ಣ ತನಗೇ ಎಂದರೆ ಜನ ಏನೆಂದುಕೊಂಡಾರು? ಮಗಳು ಪುಷ್ಪಾ ಶಾಲೆ ಮುಗಿಸಿದಳು, ಕಾಲೇಜು ಮುಗಿಸಿದಳು, ಮದುವೆಯಾಗಿ ಮಡಕಶಿರಾ ಹತ್ತಿರದ ಗುಡಿಬಂಡೆ ಕಡೆಯ ಹಳ್ಳಿಗೆ ಹೋದಳು; ನನ್ನ ಉತ್ತರ ಮಾತ್ರ ಬದಲಾಗಲಿಲ್ಲ. ಶಾಂತಮ್ಮ ಒಮ್ಮೆ, "ಗಂಡನ ಮನ್ಯಾಗೂ ಬಣ್ಣ ಹಚ್ಕೋತ ಕುಂತಾಳೇನ್ರಿ? ಪುಣ್ಯವಂತಿ ಬಿಡ್ರಿ" ಎಂದರು. ಕೊಂಡ ಟ್ಯೂಬುಗಳೆಲ್ಲ ಬೀರುವಿನಲ್ಲಿ ಹೆಂಡತಿಯ ಸೀರೆಗಳ ಕೆಳಗೆ ಮಲಗಿದ್ದವು. ಒಳ್ಳೆಯ ಕಾಗದ ಹಾಳಾದೀತೆಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಿಣಿ ಬರೆದು, ಯಾರಿಗೂ ತೋರಿಸದೆ ಮಡಚಿಡುತ್ತಿದ್ದೆ.

ಲೇಪಾಕ್ಷಿಗೆ ಹೋದಾಗಲೆಲ್ಲ ಕತ್ತು ನೋಯುವವರೆಗೆ ಗುಡಿಯ ಛಾವಣಿಯ ಚಿತ್ರಗಳನ್ನು ನೋಡುತ್ತೇನೆ. ಸುಣ್ಣ, ಕೆಮ್ಮಣ್ಣು, ಕಾಡಿಗೆ ಇಟ್ಟುಕೊಂಡು ಅಷ್ಟೆಲ್ಲ ಮಾಡಿದ ಪುಣ್ಯಾತ್ಮರು, ಬಣ್ಣದ ಕಲ್ಲನ್ನು ಅರೆಯುವ ಮುನ್ನ ಕೈಯಲ್ಲಿ ಹಿಡಿದು, ತಿರುಗಿಸಿ, ಸುಮ್ಮನೆ ನೋಡುತ್ತ ಕೂತಿರಲಿಲ್ಲವೆ? ಖಂಡಿತ ಕೂತಿದ್ದಾರೆ. ಆ ಮಟ್ಟಿಗೆ ನಾನೂ ಅವರ ವಂಶದವನೇ. ವ್ಯತ್ಯಾಸವೆಂದರೆ, ಅವರು ಆಮೇಲೆ ಏಣಿ ಹತ್ತಿದರು.

ನನ್ನನ್ನು ಏಣಿ ಹತ್ತಿಸಿದ್ದು ಪುಷ್ಪಾಳ ಮೈದುನನ ಮದುವೆ. ಆ ಕಡೆ ಮದುವೆ ಮನೆಯೆಂದರೆ ಬೀದಿಗೋಡೆಗೆ ಸುಣ್ಣ ಹೊಡೆದು, ಕಳಶ, ಗಿಣಿ, ಬಾಳೆಗಿಡ ಬರೆಸಿ, ಗಂಡು ಹೆಣ್ಣಿನ ಹೆಸರು ಹಾಕಿಸಬೇಕು. ಕೆಲಸಕ್ಕೆ ಕೈಜೋಡಿಸೋಣವೆಂದು ನಾನು ಮೊದಲೇ ಹೋಗಿದ್ದೆ. ನೋಡಿದರೆ ಗೋಡೆ ಬರೆಯುವವನು ಲಗ್ನದ ಕಾಲವೆಂದು ಬೇರೆ ಊರು ಹಿಡಿದಿದ್ದಾನೆ. ಬೀಗರು, ಅಂದರೆ ಪುಷ್ಪಾಳ ಮಾವ ರಂಗಪ್ಪನವರು, ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಮಗಳು ಅಡುಗೆಮನೆಯಿಂದ ಸಾವಕಾಶವಾಗಿ, "ನಮ್ಮಪ್ಪ ಬರೀತಾರೆ ಮಾವ" ಎಂದಳು. ಬೀರುವಿನ ಸಂಗತಿ ಅವಳಿಗೆ ಮೊದಲಿಂದಲೂ ಗೊತ್ತಿತ್ತಂತೆ.

ಗೋಡೆ ಕೆಟ್ಟರೆ ಮಡಚಿಡುವಂತಿಲ್ಲ, ಮಗಳು ದಿನಾ ಅದರ ಮುಂದೆಯೇ ಓಡಾಡಬೇಕು. ಆಗುವುದಿಲ್ಲ ಎಂದರೆ ಗಂಡನ ಮನೆಯಲ್ಲಿ ಅವಳ ಮಾತಿಗೆ ಬೆಲೆಯಿಲ್ಲದಂತಾಗುತ್ತದೆ. ರಂಗಪ್ಪನವರು ಆಗಲೇ ಬೈಕು ಹೊರಗೆ ತೆಗೆದಿದ್ದರು.

ಮಡಕಶಿರಾದ ಬಣ್ಣದ ಅಂಗಡಿಯೊಳಗೆ ಕಾಲಿಟ್ಟಿದ್ದೇ ತಡ, ಭಯ ಇಳಿಯಿತು. ಸುಣ್ಣದ ಗೋಡೆಗೆ ಮೆತ್ತನೆಯ ಬ್ರಷ್ಷು ತಾಳುವುದಿಲ್ಲ, ಗಡುಸು ಕೂದಲಿನದು ಕೊಡಿ. ಗಿಣಿಯ ಕಣ್ಣಿಗೆ ಈ ಸಣ್ಣದು ಸಾಕು. ಈ ಹಸಿರು ಮಂಕು, ಅದಕ್ಕೆ ಚೂರು ಹಳದಿ ಬೆರೆಸಬೇಕು ಎಂದೆಲ್ಲ ಹೇಳುತ್ತಾ ಹೋದೆ. ಅಂಗಡಿಯವನು ಎದುರಾಡದೆ ಒಂದೊಂದನ್ನೇ ಇಳಿಸಿಕೊಟ್ಟ. "ಏನ್ ಬೀಗ್ರೆ, ಎಲ್ಲಾ ಗೊತ್ತೈತಲ್ಲ ನಿಮ್ಗೆ" ಎಂದರು ರಂಗಪ್ಪ. ಅಷ್ಟು ವರ್ಷ ನೋಡಿದ್ದು ದಂಡವಾಗಿರಲಿಲ್ಲ ಎಂದು ಎದೆಯುಬ್ಬಿತು.

ಕಳಶ ಚೆನ್ನಾಗಿಯೇ ಬಂತು. ಬಾಳೆಗಿಡಕ್ಕೂ ಅಡ್ಡಿಯಿಲ್ಲ. ಎಡಗಡೆಯ ಗಿಣಿ ಮಾತ್ರ ಸ್ವಲ್ಪ ದಪ್ಪಗಾಯಿತು. ಪಕ್ಕದ ಮನೆಯ ಅಜ್ಜಿ ಹತ್ತಿರ ಬಂದು, "ಇದೇನ್ ಪಾರಿವಾಳನಾ?" ಎಂದು ಕೇಳಿದರು. ರಂಗಪ್ಪನವರ ಹೆಂಡತಿ ಹೊರಗೆ ಬಂದು, "ಗಿಣಿ ಕಣಜ್ಜಿ. ಮದ್ವೆ ಮನೇದು, ಉಂಡೈತೆ" ಎಂದರು.

ಮದುವೆಯ ದಿನ ಬಂದವರೆಲ್ಲ ಆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಮಾಡಲು ಕೆಲಸವಿಲ್ಲದಿದ್ದರೂ ಅಲ್ಲೇ ಸುಳಿದಾಡುತ್ತಿದ್ದೆ. ಹೆಮ್ಮೆಗೆ ಊಟವೂ ಸೇರಲಿಲ್ಲ. ಪುಷ್ಪಾ ತಟ್ಟೆ ಹಿಡಿದು ಹೋಗುವಾಗೆಲ್ಲ ಗೋಡೆ ನೋಡಿ, ನನ್ನ ಕಡೆ ನೋಡಿ ಹೋಗುತ್ತಿದ್ದಳು. ಅಷ್ಟರಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು, ಇವರು ಏನು ಮಾಡಿಕೊಂಡಿದ್ದಾರೆ ಎಂದು ನನ್ನನ್ನು ತೋರಿಸಿ ಕೇಳಿದರು. ರಂಗಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು, "ನಮ್ ಬೀಗ್ರು. ಚಿತ್ರ ಬರೀತಾರೆ" ಎಂದರು.

ಕರೆಂಟ್ ಆಫೀಸಿನ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ. ಕೆಲವು ಮಾತುಗಳನ್ನು ನಮ್ಮ ಬಗ್ಗೆ ಇನ್ನೊಬ್ಬರು ಮೊದಲು ಹೇಳಬೇಕು, ಆಮೇಲೆ ನಮಗೂ ಹೇಳಲು ಬರುತ್ತದೆ.

"ಹೌದ್ರಿ," ಎಂದೆ, "ಬರೀತೀನಿ."