ಮಂಚಕ್ಕೆ ಗಾಡಿಯ ಅಳತೆ

“ಅಯ್ಯೋ ನಮ್ಮಪ್ಪಾ, ಒಂದು ಮಾತೂ ಏಳ್ದೆ ಒಂಟೋಗ್ಬುಟ್ಯಾ?” ಎಂಬ ಗೋಳು ಕೇಳಿದಾಗ ನಾನು ಮಧುಗಿರಿಯ ನಮ್ಮ ಮನೆ ಮುಂದೆ ಎತ್ತಿನ ಗಾಡಿಯಲ್ಲಿ ಅಂಗಾತ ಮಲಗಿದ್ದೆ. ಮರುದಿನ ಮಹಾರಾಜರ ವರ್ಧಂತಿಯ ರಜೆ. ಶಿರಾದ ಹಳೆ ಸಾಮಾನಿನ ಸಂತೆಯಿಂದ ಪಾಳೇಗಾರರ ಕಾಲದ ಮಂಚವೊಂದನ್ನು ತರುವ ಹುಚ್ಚು ನನಗೆ ಹಿಡಿದಿತ್ತು. ಆಳುದ್ದದ ಮಂಚ ಗಾಡಿಯಲ್ಲಿ ಹಿಡಿಸುತ್ತದೆಯೇ ಎಂದು ಮಲಗಿ ನೋಡುವ ಬುದ್ಧಿವಂತಿಕೆಯೂ ನನ್ನದೇ. ಬಿಸಿಲೆಂದು ಬಿಳಿ ಪಂಚೆಯನ್ನು ಮುಖದ ಮೇಲೆ ಎಳೆದುಕೊಂಡಿದ್ದೆ.

ಅಳುತ್ತಿದ್ದವಳು ಪಕ್ಕದ ಮನೆಯ ನಮ್ಮ ಸೋದರತ್ತೆ. ಬೇಲಿಯ ಜಗಳವಾಗಿ ಎರಡು ವರ್ಷದಿಂದ ನನ್ನೊಡನೆ ಮಾತು ಬಿಟ್ಟಿದ್ದಳು. ಈಗ ನನ್ನಂಥ ಒಳ್ಳೆಯವನು ಊರಿನಲ್ಲೇ ಇರಲಿಲ್ಲ ಎನ್ನುತ್ತಿದ್ದಳು. ಹೊಗಳಿಕೆ ಹಿತವಾಗಿತ್ತು, ಇನ್ನಷ್ಟು ಕೇಳೋಣವೆಂದು ಉಸಿರು ಬಿಗಿಹಿಡಿದೆ. ಆದರೆ ಅವಳ ಕಣ್ಣೀರು ನನ್ನ ಕೈಮೇಲೆ ಬಿದ್ದಾಗ ತಡೆಯಲಾಗಲಿಲ್ಲ, ಎದ್ದು ಕುಳಿತೆ.

ಅತ್ತೆ ಬೆಚ್ಚಿ ಹಿಂದೆ ಸರಿದಳು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿ, “ಬದ್ಕಿದ್ದೀಯೇನ್ಲಾ? ನಮ್ಮನೇಗ್ ಬಾ, ಮುದ್ದೆ ಆರೋಯ್ತದೆ,” ಎಂದಳು.

ಮರುದಿನ ಅವಳೂ ಗಾಡಿ ಹತ್ತಿದಳು. ಸಂತೆಯ ಒಂದು ಮಂಚವನ್ನೂ ಒಪ್ಪಲಿಲ್ಲ. ಖಾಲಿ ಗಾಡಿಯಲ್ಲಿ ಶಿರಾದಿಂದ ಮಧುಗಿರಿಯವರೆಗೆ ಇಬ್ಬರೂ ಬಾಯಿ ಮುಚ್ಚಲಿಲ್ಲ. ಎರಡು ವರ್ಷದ ಮಾತು ಉಳಿದಿತ್ತು.