ಪಿಳ್ಳಮ್ಮ ಮತ್ತು ನನ್ನ ಹುಳುಕಡ್ಡಿ

ಸಾವಿರದ ಒಂಬೈನೂರ ಅರವತ್ತಾರರಲ್ಲಿ ನಾನು ಏಳನೆಯ ಕ್ಲಾಸಿಗೇ ಓದು ಬಿಟ್ಟೆ. ಕುಂದಾಣದ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಬಂದು, ರೇಷ್ಮೆ ಸೀರೆ ನೇಯುವ ಮನೆಯೊಂದರಲ್ಲಿ ಕುಣಿಮಗ್ಗಕ್ಕೆ ಇಳಿದೆ. ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಮಾಲೀಕರ ತಾಯಿ ಪಿಳ್ಳಮ್ಮನ ಹಲ್ಲು. ಮುಂದಿನ ಎರಡು ಹಲ್ಲುಗಳ ಸಂದಿಯಲ್ಲಿ ಸದಾ ಒಂದು ಎಳೆ ನೂಲು. ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ, ಆ ಎಳೆ ಬಿಡದೆಯೇ ಮಗನನ್ನೂ ನಮ್ಮನ್ನೂ ಬೈಯುತ್ತಿದ್ದರು.

ಕೆಲವೇ ವರ್ಷಗಳಲ್ಲಿ ನನ್ನ ಕೈ ಪಳಗಿತು. ಜರಿ ಸೆರಗು ಎಂದರೆ ನನ್ನನ್ನೇ ಕರೆಯುತ್ತಿದ್ದರು. ಆ ಹೆಮ್ಮೆ ನನಗೆ ಚೆನ್ನಾಗಿಯೇ ಇತ್ತು.

ಒಂದು ಬೇಸಿಗೆಯಲ್ಲಿ ಉಡಿದಾರದ ಕೆಳಗೆ ನವೆ ಶುರುವಾಯಿತು. ಬಳೆ ಒತ್ತಿದ ಹಾಗೆ ದುಂಡಗೆ, ಕೆಂಪಗೆ. ಯಾರಿಗೂ ಹೇಳದೆ ಸೀಮೆಎಣ್ಣೆ ಉಜ್ಜಿದೆ. ಚರ್ಮ ಸುಟ್ಟಿತು, ಹೊಟ್ಟೆಯ ಮೇಲೆ ಇನ್ನೆರಡು ಎದ್ದವು. ಬರಿಮೈಯಲ್ಲಿ ನೇಯುವಾಗ ಪಕ್ಕದ ಮಗ್ಗದವನು ನೋಡಿ ಕುಷ್ಠ ಎಂದುಬಿಟ್ಟ.

"ನಾಳೆಯಿಂದ ಬರ್ಬೇಡಪ್ಪ. ಇದು ಮದುವೆ ಸೀರೆ ನೇಯೋ ಮನೆ," ಎಂದರು ಮಾಲೀಕರು.

ರಾಟೆ ನಿಂತಿತು. "ತಡ್ಯೋ. ಲೇ, ಕಣ್ ಮುಚ್ಲಾ," ಎಂದು ಪಿಳ್ಳಮ್ಮ ನನ್ನ ಹತ್ತಿರ ಬಂದು ಹಲ್ಲಿನಿಂದ ನೂಲು ಎಳೆದು, ಅದರ ತುದಿಯನ್ನು ಆ ಕಲೆಗಳ ಮೇಲೆ ಒಂದೊಂದಾಗಿ ಆಡಿಸಿದರು.

"ಗೊತ್ತಾಯ್ತದಾ?"

"ಕಚಗುಳಿ ಆಯ್ತದೆ ಕಣಮ್ಮ."

"ಕೆರಿತದಾ?"

"ಪ್ರಾಣ ಹೋಗೋ ಹಂಗೆ."

ಮಗನ ಕಡೆ ತಿರುಗಿದರು. "ನಿನ್ ಮಾವನಿಗೆ ಆ ರೋಗ ಬಂದಾಗ ಕಾಲ್ ಮೇಲೆ ಕೆಂಡ ಬಿದ್ರೂ ಗೊತ್ತಾಗ್ತಿರ್ಲಿಲ್ಲ. ಇದು ಅಂಚು ಕೆಂಪಗೈತೆ, ನಡುವೆ ಮಾಸೈತೆ, ಕೆರಿತದೆ. ಹುಳುಕಡ್ಡಿ ಕಣೋ. ಇವನನ್ನ ಓಡ್ಸಿದ್ರೆ ಸೆರಗು ನೀನು ನೇಯ್ತೀಯಾ?"

ಮಾಲೀಕರು ತಲೆ ಕೆರೆದುಕೊಂಡು, "ವಾಸಿ ಆಗ್ಲಿ, ಆಮೇಲೆ ಬರ್ಲಿ," ಎಂದರು.

ತಗಚೆ ಬೀಜವನ್ನು ಹುಳಿ ಮಜ್ಜಿಗೆಯಲ್ಲಿ ನೆನೆಸಿ ಪಿಳ್ಳಮ್ಮನೇ ಅರೆದರು. ಸ್ನಾನ ಮಾಡಿ, ತೇವವಿಲ್ಲದಂತೆ ಒರೆಸಿಕೊಂಡು ಹಚ್ಚಬೇಕು. ಪಂಚೆ, ಟವಲು ಕುದಿಸಿ ಸುಡುಬಿಸಿಲಿಗೆ ಹಾಕಬೇಕು. "ನವೆ ನಿಂತೋಯ್ತು ಅಂತ ಮದ್ದು ನಿಲ್ಲಿಸ್ಬೇಡ. ಅದಕ್ಕೂ ಬಗ್ಗದಿದ್ರೆ ಆಸ್ಪತ್ರೆ ಐತೆ. ಮೊದ್ಲು ಆ ಒದ್ದೆ ಉಡಿದಾರ ಕಿತ್ತಾಕು."

ನಾನು ಬೆಚ್ಚಿದೆ. "ಅದನ್ನ ಕೀಳೋದು ಹೆಣದ ಮೈಯಿಂದ ಕಣಮ್ಮ."

"ಗಂಡ ಹೋದಾಗ ನನ್ ಕತ್ತಿನ ತಾಳಿ ದಾರಾನೂ ಕಿತ್ತಾಕಿದ್ರು. ನಾನೇನು ಸತ್ನಾ?"

ಬಚ್ಚಲಿಗೆ ಹೋಗಿ ದಾರ ಕತ್ತರಿಸಿದೆ.

ಕಲೆಗಳು ಮಾಸಿ ನಾನು ಮಗ್ಗಕ್ಕೆ ಮರಳಿದ ದಿನ ಪಿಳ್ಳಮ್ಮ ಉಳಿದ ಕರಿ ನೂಲಿನಿಂದ ಉಡಿದಾರ ಹೊಸೆದು ಕಿಟಕಿಯಲ್ಲಿ ಇಟ್ಟಿದ್ದರು. "ಅಲ್ಲಿಂದ ತಗೋ. ನನ್ನಂಥೋಳ ಕೈಯಿಂದ ಇಸ್ಕೋಬಾರ್ದು."

"ನೀವೇ ಕೊಡಿ. ಇಲ್ದಿದ್ರೆ ನಂಗೆ ಬೇಡ," ಎಂದೆ.

ತಂದು ನನ್ನ ಅಂಗೈಯಲ್ಲಿಟ್ಟರು. ಅವತ್ತು ಸಂಜೆಯವರೆಗೆ ಯಾರನ್ನೂ ಬೈಯಲಿಲ್ಲ.

ನಾನು ಸ್ವಂತ ಮಗ್ಗ ಹೂಡಿದ ವರ್ಷ ಪಿಳ್ಳಮ್ಮ ತೀರಿಕೊಂಡರು. ಹೋಗಿ ನೋಡಿದಾಗ ರಾಟೆಯಲ್ಲಿ ಅರ್ಧ ಸುತ್ತಿದ ಕಂಡಿಕೆ ಇತ್ತು.

ಈಗ ನನಗೆ ಮಗ್ಗ ಎರಡು, ಹೆಂಚಿನ ಮನೆ ಒಂದು, ಮಕ್ಕಳು ಮೂವರು, ಸೊಂಟದಲ್ಲಿ ಕರಿ ನೂಲಿನ ದಾರ ಒಂದು.